ಕೋಶಚಕ್ರದ ನಿಯಂತ್ರಣ: ಒಸಾಕಾದ ಕೋಶ ಸಮ್ಮಿಲನದಿಂದ ಸೈಕ್ಲಿನ್‌ವರೆಗೆ

ಮಾನವ ಜೀವಕೋಶವೊಂದು ಎರಡಾಗುವ ಹಾದಿಯಲ್ಲಿ ನಾಲ್ಕು ಹಂತಗಳಿವೆ: ಬೆಳವಣಿಗೆಯ ಜಿ1, ಡಿಎನ್‌ಎ ನಕಲಾಗುವ ಎಸ್, ಸಿದ್ಧತೆಯ ಜಿ2, ವಿಭಜನೆಯ ಎಂ. ಈ ಕ್ರಮ ತಪ್ಪದಂತೆ ಕಾಯುವ ಕೆಲಸ ಕೆಲವು ಪ್ರೋಟೀನ್‌ಗಳದು. ಅವು ಕೊಡುವ ಸೂಚನೆ ಕೋಶರಸದ ಮೂಲಕ ಕೋಶಕೇಂದ್ರವನ್ನು ಮುಟ್ಟುತ್ತದೆ ಎಂಬುದನ್ನು ಮಾನವ ಕೋಶಗಳಲ್ಲಿ ತೋರಿಸಿಕೊಟ್ಟ ಪ್ರಯೋಗದ ಬೇರು ಜಪಾನಿನ ಒಸಾಕಾದಲ್ಲಿದೆ.

ಒಸಾಕಾ ವಿಶ್ವವಿದ್ಯಾಲಯದ ಸೂಕ್ಷ್ಮಜೀವಿ ರೋಗಗಳ ಸಂಶೋಧನಾ ಸಂಸ್ಥೆ ಆರಂಭವಾದದ್ದು 1934ರಲ್ಲಿ. ಅಲ್ಲಿ ಯೋಶಿಯೊ ಒಕಾದಾ (1928–2008) ಅವರು 1957ರಲ್ಲಿ, ಸೆಂದಾಯಿ ವೈರಸ್ ಇಲಿಯ ಗಡ್ಡೆಕೋಶಗಳನ್ನು ಪರಸ್ಪರ ಬೆಸೆಯುವುದನ್ನು ಕಂಡರು. ತಣ್ಣಗಿರುವಾಗ ವೈರಸ್ ಕೋಶಗಳನ್ನು ಗುಂಪಾಗಿ ಅಂಟಿಸುತ್ತದೆ. 37 ಡಿಗ್ರಿ ಸೆಲ್ಸಿಯಸ್‌ಗೆ ಬೆಚ್ಚಗಾದಾಗ ಪೊರೆಗಳು ಒಂದಾಗಿ, ಹಲವು ಕೋಶಕೇಂದ್ರಗಳಿರುವ ಒಂದೇ ಕೋಶ ಉಂಟಾಗುತ್ತದೆ. ನೇರಳಾತೀತ ಕಿರಣದಿಂದ ವೈರಸ್ಸಿನ ಸೋಂಕು ಹರಡುವ ಶಕ್ತಿಯನ್ನು ಅಡಗಿಸಿದರೂ ಬೆಸೆಯುವ ಗುಣ ಉಳಿಯುತ್ತದೆ. ಈ ಒಂದು ಗುಣದಿಂದಲೇ ಅದು ಪ್ರಯೋಗಾಲಯಗಳ ಉಪಕರಣವಾಯಿತು. ಕೋಶಚಕ್ರದ ಇತಿಹಾಸವನ್ನು ಯೀಸ್ಟ್‌ನಿಂದ ಆರಂಭಿಸುವ ವಾಡಿಕೆಯಿದೆ. ಮಾನವ ಕೋಶದ ಮಟ್ಟಿಗೆ ಒಕಾದಾ ಅವರ ಹೆಸರು ಮೊದಲ ಪುಟದಲ್ಲೇ ಬರಬೇಕು.

1970ರಲ್ಲಿ ಅಮೆರಿಕದ ಕೊಲರಾಡೊದಲ್ಲಿ ಭಾರತ ಮೂಲದ ಪೋಟು ಎನ್. ರಾವ್ ಮತ್ತು ರಾಬರ್ಟ್ ಜಾನ್ಸನ್ ಇದೇ ತಂತ್ರದಿಂದ ಬೇರೆ ಬೇರೆ ಹಂತಗಳಲ್ಲಿದ್ದ ಹೀಲಾ ಎಂಬ ಮಾನವ ಕೋಶಗಳನ್ನು ಬೆಸೆದರು. ಯಾವ ಕೋಶಕೇಂದ್ರ ಎಲ್ಲಿಂದ ಬಂದದ್ದೆಂದು ಗುರುತಿಸಲು ಒಂದು ಗುಂಪಿಗೆ ಮೊದಲೇ ವಿಕಿರಣಶೀಲ ಥೈಮಿಡಿನ್ ಉಣಿಸಿದ್ದರು. ಎಸ್ ಹಂತದ ಕೋಶದೊಡನೆ ಬೆಸೆದ ಜಿ1 ಕೋಶಕೇಂದ್ರ ಅವಧಿಗೆ ಮುನ್ನವೇ ಡಿಎನ್‌ಎ ನಕಲಿಗೆ ತೊಡಗಿತು. ಜಿ2 ಕೋಶಕೇಂದ್ರ ಮಾತ್ರ ಎರಡನೆಯ ಸಲ ನಕಲು ಮಾಡಲಿಲ್ಲ. ಜೊತೆಯ ಕೋಶಕೇಂದ್ರದ ನಕಲು ಮುಗಿಯುವವರೆಗೆ ವಿಭಜನೆಗೂ ಹೋಗದೆ ಕಾಯಿತು. ವಿಭಜನೆಯಲ್ಲಿದ್ದ ಕೋಶದೊಡನೆ ಬೆಸೆದಾಗ ಕಂಡದ್ದು ಎಲ್ಲಕ್ಕಿಂತ ಬೆರಗಿನದು: ಉಳಿದ ಯಾವ ಹಂತದ ಕೋಶಕೇಂದ್ರವಾದರೂ ಪೊರೆ ಕಳಚಿ, ವರ್ಣತಂತುಗಳು ಅಕಾಲದಲ್ಲಿ ಬಿಗಿಗೊಂಡವು. ಜಿ1ರದು ಒಂಟಿ ಎಳೆ, ಜಿ2ರದು ಜೋಡಿ ಎಳೆ, ಎಸ್ ಹಂತದ್ದು ಪುಡಿಯಾದಂತೆ ಚೂರು ಚೂರು.

ಕೋಶಕೇಂದ್ರವನ್ನು ಹೀಗೆ ವಿಭಜನೆಗೆ ತಳ್ಳಿದ ವಸ್ತು ಏನು? ಕಪ್ಪೆಯ ಅಂಡಾಣುಗಳಲ್ಲಿ ಯೋಶಿಯೊ ಮಾಸುಯಿ 1971ರಲ್ಲಿ ಅಂಥದೇ ಒಂದು ಅಂಶವನ್ನು ಗುರುತಿಸಿದರು. 1979ರಲ್ಲಿ ರಾವ್ ತಂಡ, ವಿಭಜನೆಯಲ್ಲಿದ್ದ ಹೀಲಾ ಕೋಶಗಳ ಸಾರವನ್ನು ಕಪ್ಪೆಯ ಅಂಡಾಣುವಿಗೆ ಚುಚ್ಚಿ ಅದನ್ನು ಪಕ್ವಗೊಳಿಸಿತು. ಮನುಷ್ಯನಲ್ಲೂ ಕಪ್ಪೆಯಲ್ಲೂ ಒಂದೇ ಬಗೆಯ ಸೂಚನೆ ಕೆಲಸ ಮಾಡುತ್ತಿತ್ತು. ಅದು ಸಿಡಿಕೆ1 ಕಿಣ್ವ ಮತ್ತು ಸೈಕ್ಲಿನ್ ಬಿ ಪ್ರೋಟೀನ್‌ಗಳ ಜೋಡಿಯೆಂದು 1980ರ ದಶಕದ ಕೊನೆಗೆ ತಿಳಿಯಿತು. ಸೈಕ್ಲಿನ್‌ಗಳನ್ನು ಪತ್ತೆಹಚ್ಚಿದ ಟಿಮ್ ಹಂಟ್, ಯೀಸ್ಟ್‌ನಲ್ಲಿ ವಂಶವಾಹಿಗಳನ್ನು ಹುಡುಕಿದ ಲೀಲ್ಯಾಂಡ್ ಹಾರ್ಟ್‌ವೆಲ್, ಪಾಲ್ ನರ್ಸ್ 2001ರಲ್ಲಿ ನೊಬೆಲ್ ಹಂಚಿಕೊಂಡರು.

ಸಿಡಿಕೆ ಕಿಣ್ವಗಳು ಬೇರೆ ಪ್ರೋಟೀನ್‌ಗಳಿಗೆ ಫಾಸ್ಫೇಟ್ ಅಂಟಿಸುತ್ತವೆ, ಆದರೆ ಸೈಕ್ಲಿನ್ ಜೊತೆಗಿಲ್ಲದೆ ಅವು ನಿಷ್ಕ್ರಿಯ. ಜಿ1ರಲ್ಲಿ ಸೈಕ್ಲಿನ್ ಡಿ ಸೇರಿದ ಸಿಡಿಕೆ4 ಮತ್ತು ಸಿಡಿಕೆ6, ಆರ್‌ಬಿ ಎಂಬ ತಡೆಪ್ರೋಟೀನಿನ ಹಿಡಿತ ಸಡಿಲಿಸುತ್ತವೆ; ಅದರಿಂದ ಬಿಡುಗಡೆಯಾದ ಇ2ಎಫ್ ಎಂಬ ಪ್ರೋಟೀನ್ ನಕಲಿಗೆ ಬೇಕಾದ ವಂಶವಾಹಿಗಳನ್ನು ಚಾಲೂ ಮಾಡುತ್ತದೆ. ಡಿಎನ್‌ಎ ಕೆಟ್ಟರೆ ಪಿ53 ಪ್ರೋಟೀನಿನ ಪ್ರೇರಣೆಯಿಂದ ಪಿ21 ಎಂಬ ಪ್ರೋಟೀನ್ ಹುಟ್ಟಿ ಸಿಡಿಕೆಗಳನ್ನು ಅದುಮುತ್ತದೆ. ವಿಭಜನೆ ಮುಗಿಯಬೇಕಾದರೆ ಸೈಕ್ಲಿನ್ ಬಿ ಅಳಿಯಲೇಬೇಕು. ಆರ್‌ಬಿ, ಪಿ53 ಕೈಕೊಟ್ಟ ಕೋಶಗಳು ಹಲವು ಬಗೆಯ ಕ್ಯಾನ್ಸರ್‌ಗಳಲ್ಲಿ ಕಾಣುತ್ತವೆ. ಸಿಡಿಕೆ4 ಮತ್ತು 6ನ್ನು ತಡೆಯುವ ಪಾಲ್ಬೋಸಿಕ್ಲಿಬ್ ಔಷಧಕ್ಕೆ 2015ರಲ್ಲಿ ಅಮೆರಿಕದಲ್ಲಿ ಸ್ತನ ಕ್ಯಾನ್ಸರ್ ಚಿಕಿತ್ಸೆಗಾಗಿ ಒಪ್ಪಿಗೆ ದೊರೆಯಿತು. ಆರ್‌ಬಿ ಕಳೆದುಕೊಂಡ ಗಡ್ಡೆಗಳ ಮೇಲೆ ಅದರ ಪರಿಣಾಮ ಕುಗ್ಗುತ್ತದೆ.