ಗಾಂಜಾ ಎಣ್ಣೆಯಿಂದ ಸಂಧಿವಾತ ವಾಸಿಯಾಗುತ್ತದೆಯೇ? ಫಾರ್ವರ್ಡ್ ಮಾಡುವ ಮುನ್ನ ಓದಿ

ಪೀಣ್ಯದ ಕಾರ್ಖಾನೆಗಳ ಶಿಫ್ಟ್ ಗ್ರೂಪ್‌ಗಳಿಂದ ಹಿಡಿದು ವೈಟ್‌ಫೀಲ್ಡ್‌ನ ಅಪಾರ್ಟ್‌ಮೆಂಟ್ ಗ್ರೂಪ್‌ಗಳವರೆಗೆ ಒಂದು ಬಗೆಯ ಮೆಸೇಜ್ ಆಗಾಗ ಸುತ್ತುತ್ತಿರುತ್ತದೆ. ಗಾಂಜಾ ಗಿಡದಿಂದ ತೆಗೆದ ಎಣ್ಣೆಯನ್ನು ನಾಲ್ಕು ಹನಿ ನಾಲಿಗೆ ಕೆಳಗೆ ಬಿಟ್ಟುಕೊಂಡರೆ ಸಂಧಿವಾತ, ಲೂಪಸ್, ಸೋರಿಯಾಸಿಸ್ ಮುಂತಾದ ಆಟೋಇಮ್ಯೂನ್ ಕಾಯಿಲೆಗಳು ಬುಡಸಮೇತ ಹೋಗುತ್ತವೆ, ಇಂಗ್ಲಿಷ್ ಮಾತ್ರೆ ಬಿಟ್ಟುಬಿಡಬಹುದು, ಕಾನೂನಿನ ಅಡ್ಡಿಯೂ ಇಲ್ಲ ಎನ್ನುವುದು ಅದರ ಸಾರ. ಇದರಲ್ಲಿ ಸ್ವಲ್ಪ ನಿಜವಿದೆ. ಪೂರ್ತಿ ಸುಳ್ಳಾಗಿದ್ದರೆ ಯಾರೂ ನಂಬುತ್ತಿರಲಿಲ್ಲ, ನಾವೂ ಇಷ್ಟು ಬರೆಯಬೇಕಿರಲಿಲ್ಲ.

ಮೊದಲು ಕಾಯಿಲೆಯ ವಿಷಯ. ಹೊರಗಿನಿಂದ ಬರುವ ರೋಗಾಣುಗಳ ಜೊತೆ ಹೋರಾಡಬೇಕಾದ ನಮ್ಮ ರೋಗನಿರೋಧಕ ವ್ಯವಸ್ಥೆ ದಾರಿ ತಪ್ಪಿ ನಮ್ಮದೇ ದೇಹದ ಮೇಲೆ ಬೀಳುವುದನ್ನು ಆಟೋಇಮ್ಯೂನ್ ಕಾಯಿಲೆ ಎನ್ನುತ್ತಾರೆ. ರುಮಟಾಯ್ಡ್ ಸಂಧಿವಾತದಲ್ಲಿ ಕೀಲಿನ ಒಳಪದರದ ಮೇಲೆ ದಾಳಿಯಾಗುತ್ತದೆ, ಕ್ರೋನ್ಸ್ ಕಾಯಿಲೆಯಲ್ಲಿ ಕರುಳಿನ ಮೇಲೆ, ಮಲ್ಟಿಪಲ್ ಸ್ಕ್ಲೆರೋಸಿಸ್‌ನಲ್ಲಿ ನರಗಳ ಹೊದಿಕೆಯ ಮೇಲೆ. ಬೆಳಿಗ್ಗೆ ಎದ್ದಾಗ ಒಂದು ಗಂಟೆಯಾದರೂ ಬೆರಳು ಮಡಚಲಾಗದ ಬಿಗಿತ, ಎರಡೂ ಕೈಗಳ ಗೆಣ್ಣುಗಳಲ್ಲಿ ಊತ, ಕಾರಣವಿಲ್ಲದ ಸುಸ್ತು, ಇವು ಸಂಧಿವಾತದ ಲಕ್ಷಣಗಳು. ದಿನವಿಡೀ ಲೇತ್ ಮುಂದೆ ನಿಲ್ಲುವವರು ಕೆಲಸದ ಆಯಾಸವೆಂದುಕೊಳ್ಳುತ್ತಾರೆ, ಕೀಬೋರ್ಡ್ ಮುಂದೆ ಕೂರುವವರು ಟೈಪಿಂಗ್‌ನಿಂದ ಬಂದ ನೋವೆಂದುಕೊಳ್ಳುತ್ತಾರೆ. ಹೀಗೆ ತಿಂಗಳುಗಳು ಕಳೆದುಹೋಗುತ್ತವೆ.

ಇಲ್ಲಿ ಎರಡು ಸಂಗತಿಗಳನ್ನು ಬೇರೆಬೇರೆಯಾಗಿ ನೋಡಬೇಕು. ಒಂದು, ರೋಗಿಗೆ ಗೊತ್ತಾಗುವ ನೋವು. ಇನ್ನೊಂದು, ಒಳಗೆ ನಡೆಯುತ್ತಿರುವ ದಾಳಿ. ನೋವು ಕಡಿಮೆಯಾದ ಮಾತ್ರಕ್ಕೆ ದಾಳಿ ನಿಂತಿದೆ ಎಂದಲ್ಲ. ಫಾರ್ವರ್ಡ್ ಎಡವುವುದು ಇಲ್ಲಿಯೇ.

ನೋವಿಗೆ ಕೆಲಸ ಮಾಡುತ್ತದೆಯೇ?

ಇದು ಹೊಸ ಪ್ರಶ್ನೆಯೇನಲ್ಲ. 1839ರಲ್ಲಿ ಕಲ್ಕತ್ತಾದಲ್ಲಿದ್ದ ಐರಿಷ್ ವೈದ್ಯ ಓಶಾನೆಸ್ಸಿ ಈ ಗಿಡದ ಅಂಟನ್ನು ಕೀಲುನೋವಿನ ರೋಗಿಗಳಿಗೆ ಕೊಟ್ಟು ನೋಡಿ ವರದಿ ಬರೆದರು. ನೋವು ಇಳಿಯಿತು, ಹಸಿವು ಹೆಚ್ಚಿತು. ಆದರೆ ಒಬ್ಬ ರೋಗಿಯ ಮೈ ಮರಗಟ್ಟಿ, ಕೈಯನ್ನು ಎತ್ತಿ ಹೇಗೆ ಇಟ್ಟರೆ ಹಾಗೆಯೇ ಉಳಿಯುವ ಸ್ಥಿತಿಗೆ ಹೋಗಿದ್ದ. ಗುಣ ಮತ್ತು ಅಡ್ಡಪರಿಣಾಮ ಎರಡನ್ನೂ ಅವರು ಅಂದೇ ದಾಖಲಿಸಿದ್ದರು. ಫಾರ್ವರ್ಡ್‌ಗಳಲ್ಲಿ ಮೊದಲರ್ಧ ಮಾತ್ರ ಉಳಿದುಕೊಂಡಿದೆ.

ಗಿಡದಲ್ಲಿರುವ ನೂರಕ್ಕೂ ಹೆಚ್ಚು ವಿಶೇಷ ರಾಸಾಯನಿಕಗಳಲ್ಲಿ ಎರಡು ಮುಖ್ಯ. ಟಿಎಚ್‌ಸಿ ಅಮಲೇರಿಸುತ್ತದೆ, ನೋವಿನ ಅರಿವನ್ನೂ ತಗ್ಗಿಸುತ್ತದೆ. ಸಿಬಿಡಿ ಅಮಲೇರಿಸುವುದಿಲ್ಲ. 2006ರಲ್ಲಿ ಬ್ರಿಟನ್ನಿನಲ್ಲಿ 58 ಸಂಧಿವಾತದ ರೋಗಿಗಳ ಮೇಲೆ ಐದು ವಾರ ಒಂದು ಪ್ರಯೋಗ ನಡೆಯಿತು. ಇವೆರಡೂ ಇರುವ ಬಾಯಿಯ ಸ್ಪ್ರೇ ಬಳಸಿದವರಿಗೆ ನೋವು ಸ್ವಲ್ಪ ತಗ್ಗಿತು, ನಿದ್ದೆ ಸುಧಾರಿಸಿತು. ಬೆಳಗಿನ ಬಿಗಿತದಲ್ಲಿ ವ್ಯತ್ಯಾಸವಾಗಲಿಲ್ಲ. ಇದೇ ಸ್ಪ್ರೇಗೆ ಬ್ರಿಟನ್ 2010ರಲ್ಲಿ ಮಲ್ಟಿಪಲ್ ಸ್ಕ್ಲೆರೋಸಿಸ್ ರೋಗಿಗಳ ಸ್ನಾಯು ಸೆಡೆತಕ್ಕೆ ಅನುಮತಿ ಕೊಟ್ಟಿತು. ಗಮನಿಸಿ, ಅನುಮತಿ ಸಿಕ್ಕಿದ್ದು ಸೆಡೆತಕ್ಕೆ, ಕಾಯಿಲೆಗಲ್ಲ.

ನಮಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು ಇಸ್ರೇಲಿನ ಸಂಶೋಧಕರು 2021ರಲ್ಲಿ ಪ್ರಕಟಿಸಿದ ಕ್ರೋನ್ಸ್ ಪ್ರಯೋಗ. 56 ರೋಗಿಗಳು, ಎಂಟು ವಾರ, ಸಿಬಿಡಿ ಹೆಚ್ಚಿರುವ ಎಣ್ಣೆ. ಎಣ್ಣೆ ಪಡೆದವರು ತಮಗೆ ಹಿಂದಿಗಿಂತ ಎಷ್ಟೋ ವಾಸಿ ಎಂದರು. ಆದರೆ ಎಂಡೋಸ್ಕೋಪಿಯಲ್ಲಿ ಕರುಳನ್ನು ನೋಡಿದರೆ, ರಕ್ತದಲ್ಲಿ ಉರಿಯೂತ ಅಳೆದರೆ, ಅಂಥ ಸುಧಾರಣೆ ಏನೂ ಇರಲಿಲ್ಲ. ರೋಗಿ ಸುಳ್ಳು ಹೇಳಿದ್ದಲ್ಲ. ಅವರಿಗೆ ನಿಜವಾಗಿಯೂ ಹಗುರವಾಗಿತ್ತು. ಕಾಯಿಲೆ ಮಾತ್ರ ಇದ್ದಲ್ಲೇ ಇತ್ತು.

ಅಮಲಿಲ್ಲದ ಸಿಬಿಡಿ ಒಂದನ್ನೇ ಕೊಟ್ಟರೆ? ಡೆನ್ಮಾರ್ಕ್‌ನಲ್ಲಿ ಸೋರಿಯಾಸಿಸ್ ಜೊತೆಗೆ ಬರುವ ಸಂಧಿವಾತ ಇಲ್ಲವೇ ಕೈಬೆರಳ ಕೀಲುಸವೆತ ಇದ್ದ 136 ಮಂದಿಗೆ 12 ವಾರ ದಿನಕ್ಕೆ 20ರಿಂದ 30 ಮಿಲಿಗ್ರಾಂ ಕೊಟ್ಟು ನೋಡಿದರು. ನೋವಿನಲ್ಲಿ, ಔಷಧಿಯೇ ಇಲ್ಲದ ಬರೀ ಗುಳಿಗೆಗಿಂತ ಹೆಚ್ಚಿನ ಪ್ರಯೋಜನ ಕಾಣಲಿಲ್ಲ.

ಮಾತ್ರೆ ಬಿಟ್ಟರೆ ಏನಾಗುತ್ತದೆ

ಸಂಧಿವಾತಕ್ಕೆ ವೈದ್ಯರು ಸಾಮಾನ್ಯವಾಗಿ ಮೊದಲು ಬರೆಯುವುದು ಮೆಥೋಟ್ರೆಕ್ಸೇಟ್. ಇದು ನೋವಿನ ಮಾತ್ರೆಯಲ್ಲ, ದಾಳಿಯನ್ನೇ ತಗ್ಗಿಸುವ ಮಾತ್ರೆ. ಪರಿಣಾಮ ಕಾಣಲು ಆರರಿಂದ ಹನ್ನೆರಡು ವಾರ ಹಿಡಿಯುತ್ತದೆ, ಕೆಲವರಿಗೆ ಹೊಟ್ಟೆ ತೊಳಸುತ್ತದೆ. ಹಾಗಾಗಿ ತಿಂಗಳೊಪ್ಪತ್ತಿನಲ್ಲಿ ಬೇಸತ್ತು ಬೇರೆ ದಾರಿ ಹುಡುಕುವುದು ಸಹಜವೇ. ಆದರೆ ಕಾಯಿಲೆ ಶುರುವಾದ ಮೊದಲ ಕೆಲವು ತಿಂಗಳುಗಳೇ ಅತಿ ಮುಖ್ಯ. ಆಗ ದಾಳಿ ನಿಲ್ಲಿಸಿದರೆ ಕೀಲು ಉಳಿಯುತ್ತದೆ. ಒಮ್ಮೆ ಮೂಳೆ ಸವೆದು ಬೆರಳು ಸೊಟ್ಟಗಾದರೆ ಯಾವ ಎಣ್ಣೆಯೂ, ಯಾವ ಮಾತ್ರೆಯೂ ಅದನ್ನು ನೆಟ್ಟಗೆ ಮಾಡುವುದಿಲ್ಲ. ಎಣ್ಣೆ ಹಾಕಿಕೊಂಡು ಮಾತ್ರೆ ಬಿಟ್ಟವರಿಗೆ ನೋವು ತಗ್ಗಿರುವುದರಿಂದ ಈ ಸವೆತ ನಡೆಯುತ್ತಿರುವುದೇ ಗೊತ್ತಾಗದೆ ಹೋಗಬಹುದು.

ಪ್ರೆಡ್ನಿಸೋಲೋನ್‌ನಂತಹ ಸ್ಟೀರಾಯ್ಡ್ ಮಾತ್ರೆಯನ್ನು ವಾರಗಟ್ಟಲೆ ತೆಗೆದುಕೊಳ್ಳುತ್ತಿದ್ದವರು ದಿಢೀರನೆ ನಿಲ್ಲಿಸುವುದು ಇನ್ನೂ ಅಪಾಯ. ದೇಹ ತನ್ನದೇ ಸ್ಟೀರಾಯ್ಡ್ ತಯಾರಿಸುವುದನ್ನು ಅಷ್ಟು ಹೊತ್ತಿಗೆ ತಗ್ಗಿಸಿರುತ್ತದೆ. ರಕ್ತದೊತ್ತಡ ಕುಸಿದು ಜೀವಕ್ಕೇ ಕುತ್ತು ಬರಬಹುದು. ವೈದ್ಯರು ಹಂತಹಂತವಾಗಿ ಇಳಿಸುವುದು ಇದಕ್ಕೇ.

ಸಂದರ್ಭ ಬಂದಿದ್ದರಿಂದ ಇನ್ನೊಂದು ಮಾತು: ಸಂಧಿವಾತಕ್ಕೆ ಕೊಡುವ ಮೆಥೋಟ್ರೆಕ್ಸೇಟ್ ವಾರಕ್ಕೆ ಒಂದೇ ದಿನ ತೆಗೆದುಕೊಳ್ಳುವ ಮಾತ್ರೆ. ತಪ್ಪಿ ದಿನಾ ನುಂಗಿ ಪ್ರಾಣ ಕಳೆದುಕೊಂಡವರಿದ್ದಾರೆ. ಫಾರ್ವರ್ಡ್ ಮಾಡಲೇಬೇಕೆಂದಿದ್ದರೆ ಇದನ್ನು ಮಾಡಿ.

ಕಾನೂನು ಏನು ಹೇಳುತ್ತದೆ

1985ರ ಎನ್‌ಡಿಪಿಎಸ್ ಕಾಯ್ದೆ ಗಾಂಜಾ ಎಂದರೆ ಗಿಡದ ಹೂವು, ಕಾಯಿ ಬಿಡುವ ತುದಿ ಎನ್ನುತ್ತದೆ. ಅಂಟು ಚರಸ್ ಆಗುತ್ತದೆ. ತುದಿಯಿಲ್ಲದ ಬರೀ ಎಲೆ ಮತ್ತು ಬೀಜ ಈ ವ್ಯಾಖ್ಯೆಯಿಂದ ಹೊರಗಿವೆ. ನಮ್ಮ ಕಡೆ ಭಂಗಿ ಸೊಪ್ಪು ಎನ್ನುವುದು ಈ ಎಲೆಗೆ. ಎಲೆಯ ವಿಷಯವನ್ನು ರಾಜ್ಯಗಳ ಅಬಕಾರಿ ನಿಯಮಗಳಿಗೆ ಬಿಡಲಾಗಿದೆ. ಆಯುರ್ವೇದದಲ್ಲಿ ಈ ಗಿಡಕ್ಕೆ ವಿಜಯಾ ಎಂಬ ಹೆಸರಿದೆ. ಎಲೆಯಿಂದ ಮಾಡಿದ ಔಷಧಿಗಳನ್ನು ಆಯುರ್ವೇದ ಪರವಾನಗಿ ಇರುವ ಕಂಪನಿಗಳು ತಯಾರಿಸುತ್ತವೆ. 2020ರ ಫೆಬ್ರವರಿಯಲ್ಲಿ ಕೋರಮಂಗಲದಲ್ಲಿ ಇಂಥ ಔಷಧಿ ಕೊಡುವ ಕ್ಲಿನಿಕ್ ತೆರೆದಾಗ ದೇಶದಲ್ಲೇ ಮೊದಲನೆಯದು ಎಂದು ಸುದ್ದಿಯಾಗಿತ್ತು. ಫಾರ್ವರ್ಡ್‌ನಲ್ಲಿರುವ ಸ್ವಲ್ಪ ನಿಜ ಎಂದರೆ ಇದು.

ಉಳಿದದ್ದು ಉತ್ಪ್ರೇಕ್ಷೆ. ಗ್ರೂಪ್‌ಗಳಲ್ಲಿ ಹೈಕೋರ್ಟ್ ಆದೇಶವೊಂದನ್ನು ತೋರಿಸುತ್ತಾರೆ. ನಡೆದದ್ದು ಇಷ್ಟು: 2022ರ ಜೂನ್‌ನಲ್ಲಿ ಬೇಗೂರು ಪೊಲೀಸರು ಒಬ್ಬ ವ್ಯಕ್ತಿಯಿಂದ 29 ಕಿಲೋ ಭಂಗಿ ಹಾಗೂ 400 ಗ್ರಾಂ ಗಾಂಜಾ ವಶಪಡಿಸಿಕೊಂಡರು. ಆ ಭಂಗಿಯನ್ನು ಎಲೆಯಿಂದ ಮಾಡಿದ್ದೋ, ಗಾಂಜಾ ಅಥವಾ ಚರಸ್‌ನಿಂದ ಮಾಡಿದ್ದೋ ಎಂದು ತೋರಿಸುವ ಪ್ರಯೋಗಾಲಯದ ವರದಿ ಇರಲಿಲ್ಲ. ಕಾಯ್ದೆಯಲ್ಲಿ ಭಂಗಿಯನ್ನು ನಿಷೇಧಿಸಿಲ್ಲ ಎಂದು ಗಮನಿಸಿದ ಕರ್ನಾಟಕ ಹೈಕೋರ್ಟ್ ಜಾಮೀನು ಕೊಟ್ಟಿತು. ಅದು ಜಾಮೀನಿನ ಆದೇಶ. ಗಾಂಜಾ ಇಟ್ಟುಕೊಳ್ಳಬಹುದೆಂದು ನ್ಯಾಯಾಲಯ ಹೇಳಿಲ್ಲ. ಹಾಗೆಯೇ 2020ರ ಡಿಸೆಂಬರ್ 2ರಂದು ವಿಶ್ವಸಂಸ್ಥೆಯ ಮಾದಕವಸ್ತು ಆಯೋಗ ಗಾಂಜಾವನ್ನು ಅತಿ ಕಠಿಣ ಪಟ್ಟಿಯಿಂದ ತೆಗೆದಾಗ ಭಾರತ ಪರವಾಗಿ ಮತ ಹಾಕಿದ್ದು ನಿಜ. ಆ ಮತದಿಂದ ನಮ್ಮ ಕಾಯ್ದೆ ಬದಲಾಗಲಿಲ್ಲ. ಇವತ್ತಿಗೂ ಒಂದು ಕಿಲೋ ಒಳಗಿನ ಗಾಂಜಾ ಸಿಕ್ಕರೆ ಒಂದು ವರ್ಷದವರೆಗೆ ಜೈಲು, 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ಕಾಯ್ದೆಯಲ್ಲಿ ಇದಕ್ಕೆ ‘ಅಲ್ಪ ಪ್ರಮಾಣ’ ಎಂಬ ಹೆಸರಿದೆ ಅಷ್ಟೇ, ಮಾಫಿ ಇಲ್ಲ. ಪರಿಚಯದವರೊಬ್ಬರು ಹೂವಿನಿಂದ ಮನೆಯಲ್ಲೇ ಎಣ್ಣೆ ಇಳಿಸಿಕೊಡುತ್ತಾರೆ ಎಂದರೆ, ಅದನ್ನು ಔಷಧಿ ಎಂದು ಕರೆದ ಮಾತ್ರಕ್ಕೆ ಅದು ಔಷಧಿಯಾಗುವುದಿಲ್ಲ.

ಬಾಟಲಿಯಲ್ಲಿ ಏನಿದೆ?

ಹೆಂಪ್ ಸೀಡ್ ಆಯಿಲ್ ಬೇರೆ, ಸಿಬಿಡಿ ಆಯಿಲ್ ಬೇರೆ. ಬೀಜದೆಣ್ಣೆಯನ್ನು ಆಹಾರವಾಗಿ ಮಾರಲು ಎಫ್‌ಎಸ್‌ಎಸ್‌ಎಐ 2021ರಲ್ಲಿ ಒಪ್ಪಿಗೆ ಕೊಟ್ಟಿತು. ಅದರಲ್ಲಿ ಟಿಎಚ್‌ಸಿ ಕಿಲೋಗೆ 5 ಮಿಲಿಗ್ರಾಂ ಮೀರುವಂತಿಲ್ಲ, ಸಿಬಿಡಿ ಕೂಡ ನಾಮಮಾತ್ರ. ಸಲಾಡಿಗೆ ಆದೀತು, ಕೀಲುನೋವಿಗಲ್ಲ. ಆದರೂ ಇದನ್ನೇ ಔಷಧಿಯ ಬೆಲೆಗೆ ತಲುಪಿಸುವ ಜಾಹೀರಾತುಗಳಿಗೇನೂ ಕಡಿಮೆಯಿಲ್ಲ.

ಆಯುರ್ವೇದದ ವಿಜಯಾ ಔಷಧಿಯಾದರೆ ಲೇಬಲ್ ಮೇಲೆ ತಯಾರಿಕಾ ಪರವಾನಗಿ ಸಂಖ್ಯೆ ಇರಬೇಕು. ಭಂಗಿ ವಿಷಕಾರಿ ವಸ್ತುಗಳ ‘ಇ-1’ ಪಟ್ಟಿಯಲ್ಲಿರುವುದರಿಂದ, ವೈದ್ಯರ ಮೇಲ್ವಿಚಾರಣೆಯಲ್ಲಿ ಮಾತ್ರ ಸೇವಿಸಬೇಕೆಂಬ ಎಚ್ಚರಿಕೆಯೂ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಇರಬೇಕು. ಕನ್ನಡದಲ್ಲಿ ಕಡ್ಡಾಯವಿಲ್ಲ ಎನ್ನುವುದು ಬೇಸರದ ಸಂಗತಿ. ಇವೆರಡೂ ಇಲ್ಲದ ಬಾಟಲಿಯನ್ನು ಮನೆಗೆ ತರಬೇಡಿ. ಲೇಬಲ್ ಇದ್ದರೂ ಒಳಗಿರುವುದು ಅದೇ ಎಂಬ ಖಾತರಿ ಇಲ್ಲ. 2017ರಲ್ಲಿ ಅಮೆರಿಕದ ಸಂಶೋಧಕರು ಆನ್‌ಲೈನ್‌ನಲ್ಲಿ 84 ಸಿಬಿಡಿ ಉತ್ಪನ್ನ ಕೊಂಡು ಪರೀಕ್ಷಿಸಿದಾಗ ಲೇಬಲ್ಲಿಗೆ ಸರಿಹೊಂದಿದ್ದು ಶೇ. 31 ಮಾತ್ರ. 18ರಲ್ಲಿ ಟಿಎಚ್‌ಸಿ ಸಿಕ್ಕಿತು.

ಕೆಲಸ ಮಾಡುವವರಿಗೆ ಇದು ಸಣ್ಣ ವಿಷಯವಲ್ಲ. ಎಲೆಕ್ಟ್ರಾನಿಕ್ ಸಿಟಿ, ವೈಟ್‌ಫೀಲ್ಡ್ ಕಡೆಯ ಕೆಲವು ಕಂಪನಿಗಳು ನೇಮಕಾತಿಗೆ ಮುನ್ನ, ವಿಶೇಷವಾಗಿ ವಿದೇಶಿ ಗ್ರಾಹಕರ ಪ್ರಾಜೆಕ್ಟ್‌ಗೆ ಹಾಕುವಾಗ, ಮೂತ್ರದ ಡ್ರಗ್ ಟೆಸ್ಟ್ ಮಾಡಿಸುತ್ತವೆ. ಟಿಎಚ್‌ಸಿ ಕೊಬ್ಬಿನಲ್ಲಿ ಕೂರುವುದರಿಂದ ದಿನಾ ಬಳಸುವವರ ಮೂತ್ರದಲ್ಲಿ ಅದರ ಅವಶೇಷ ತಿಂಗಳವರೆಗೂ ಕಾಣಿಸಬಹುದು. ಔಷಧಿಗೆ ತೆಗೆದುಕೊಂಡದ್ದೋ ಮೋಜಿಗೋ ಎಂದು ಪರೀಕ್ಷೆ ವಿಂಗಡಿಸುವುದಿಲ್ಲ. ವೈದ್ಯರ ಚೀಟಿ ಇದ್ದರೆ ಸ್ಯಾಂಪಲ್ ಕೊಡುವ ಮೊದಲೇ ಬರವಣಿಗೆಯಲ್ಲಿ ತಿಳಿಸಿ. ಪೀಣ್ಯದಲ್ಲಿ ಪವರ್ ಪ್ರೆಸ್ ಮುಂದೆ ನಿಲ್ಲುವವರ ಚಿಂತೆ ಬೇರೆಯೇ. ಹೊಟ್ಟೆಗೆ ಹೋದ ಟಿಎಚ್‌ಸಿಯ ಪರಿಣಾಮ ಶುರುವಾಗಲು ಒಂದೆರಡು ಗಂಟೆ ಬೇಕು. ಏನೂ ಆಗಲಿಲ್ಲವೆಂದು ಇನ್ನಷ್ಟು ಹನಿ ಹಾಕಿಕೊಂಡವರಿಗೆ ಕೆಲಸದ ನಡುವೆ ತಲೆ ಸುತ್ತಬಹುದು. ಅಮಲಿನಲ್ಲಿ ಗಾಡಿ ಓಡಿಸಿದರೆ ಮೋಟಾರು ವಾಹನ ಕಾಯ್ದೆಯಡಿ ಮೊದಲ ಸಲಕ್ಕೇ 10,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು.

ಇಷ್ಟಾದರೂ ನೋವು ತಡೆಯಲಾಗದೆ ವಿಜಯಾ ಔಷಧಿ ನೋಡಬೇಕೆನಿಸಿದರೆ, ಈಗ ತೋರಿಸುತ್ತಿರುವ ರುಮಟಾಲಜಿಸ್ಟ್ ಬಳಿ ಮುಚ್ಚಿಡದೆ ಹೇಳಿ. ವೈದ್ಯರು ಬೈದಾರು ಎಂಬ ಸಂಕೋಚಕ್ಕಿಂತ ಇದು ದೊಡ್ಡದು. ಹಲವು ಔಷಧಿಗಳನ್ನು ಕರಗಿಸುವ ಯಕೃತ್ತಿನ ಕಿಣ್ವಗಳನ್ನು ಸಿಬಿಡಿ ತಡೆಹಿಡಿಯುತ್ತದೆ. ಲೂಪಸ್‌ನಲ್ಲಿ ಮೂತ್ರಪಿಂಡಕ್ಕೆ ತೊಂದರೆಯಾದವರಿಗೆ ಕೊಡುವ ಟ್ಯಾಕ್ರೊಲಿಮಸ್, ರಕ್ತ ತೆಳುಮಾಡುವ ವಾರ್ಫರಿನ್ ಇವುಗಳ ಮಟ್ಟ ರಕ್ತದಲ್ಲಿ ಏರಿಬಿಡಬಹುದು. ಮೆಥೋಟ್ರೆಕ್ಸೇಟ್, ಲೆಫ್ಲುನೊಮೈಡ್ ತೆಗೆದುಕೊಳ್ಳುವವರ ಯಕೃತ್ತಿಗೆ ಮೊದಲೇ ಹೊರೆ ಇರುತ್ತದೆ, ಹೆಚ್ಚು ಪ್ರಮಾಣದ ಸಿಬಿಡಿಯೂ ಯಕೃತ್ತಿನ ಮೇಲೆ ಪರಿಣಾಮ ಬೀರುತ್ತದೆ. ಹಾಗಾಗಿ ಎಲ್‌ಎಫ್‌ಟಿ ರಕ್ತಪರೀಕ್ಷೆ ತಪ್ಪಿಸಬಾರದು. ಗರ್ಭಿಣಿಯರು, ಹಾಲೂಡಿಸುವವರು, ಹೃದಯದ ತೊಂದರೆ ಇರುವವರು, ಮನೆಯಲ್ಲಿ ಯಾರಿಗಾದರೂ ಸ್ಕಿಜೋಫ್ರೇನಿಯಾ ಇರುವವರು ಇದರ ತಂಟೆಗೇ ಹೋಗಬಾರದು. ಸೇದುವುದಂತೂ ಯಾರಿಗೂ ಬೇಡ.

ದುಡ್ಡಿನ ಕಾರಣಕ್ಕೆ ಮಾತ್ರೆ ಬಿಡುವ ಯೋಚನೆಯಿದ್ದರೆ ಒಂದು ವಿಚಾರಣೆ ಮಾಡಿ. ಮೆಥೋಟ್ರೆಕ್ಸೇಟ್ ಅಗ್ಗದ ಮಾತ್ರೆ. ಫೋಲಿಕ್ ಆಸಿಡ್ ಸೇರಿದರೂ ಆನ್‌ಲೈನ್ ಎಣ್ಣೆಯ ಒಂದು ಬಾಟಲಿಯಷ್ಟು ಆಗುವುದಿಲ್ಲ. ಕಾರ್ಖಾನೆಯಲ್ಲಿ ಇಎಸ್‌ಐ ಕಡಿತವಾಗುತ್ತಿದ್ದರೆ ಪೀಣ್ಯ ಹಾಗೂ ರಾಜಾಜಿನಗರದ ಇಎಸ್‌ಐ ಆಸ್ಪತ್ರೆಗಳಲ್ಲಿ ನಿಮಗೂ ಮನೆಯವರಿಗೂ ಚಿಕಿತ್ಸೆ, ಔಷಧಿ ಸಿಗುತ್ತದೆ. 2017ರಿಂದ ಇರುವ ಮಿತಿಯಂತೆ ತಿಂಗಳ ಸಂಬಳ 21,000 ರೂಪಾಯಿ ಒಳಗಿರುವವರು ಇದಕ್ಕೆ ಬರುತ್ತಾರೆ. ಹೋಗುವಾಗ ಹಳೆಯ ಚೀಟಿಗಳು, ಆರ್‌ಎ ಫ್ಯಾಕ್ಟರ್ ಮತ್ತು ಸಿಆರ್‌ಪಿ ವರದಿಗಳ ಜೊತೆಗೆ ಆ ಎಣ್ಣೆಯ ಬಾಟಲಿಯನ್ನೂ ಚೀಲದಲ್ಲಿ ಹಾಕಿಕೊಳ್ಳಿ. ಬಾಯಲ್ಲಿ ಹೇಳುವುದಕ್ಕಿಂತ ಅದರ ಲೇಬಲ್ ನೋಡುವುದು ವೈದ್ಯರಿಗೆ ಸುಲಭ.