ಕ್ಯಾಮೆರಾದ ಗೂನು

ಹಳಗನ್ನಡ ಪಾಠ ಹೇಳುವವನಿಗೆ ಕ್ಯಾಮೆರಾದ ಗೊಡವೆ ಏಕೆಂದು ವಾಚಕರು ಕೇಳಬಹುದು. ಕಾರಣವುಂಟು. ‘ಕೞ್ತೆ’ ಎಂಬ ಶಬ್ದದಿಂದ ೞಕಾರ ಹೊರಟುಹೋಯಿತು. ಅದರ ಜಾಗವನ್ನು ‘ಕತ್ತೆ’ಯ ಒತ್ತು ತಕಾರ ಇಂದಿಗೂ ಕಾದುಕೊಂಡಿದೆ. ಕ್ಯಾಮೆರಾದ ಮೈಯಲ್ಲಿಯೂ ಇಂಥದೇ ಒಂದು ಗುರುತು ಉಳಿದಿದೆ.

ಮೈಸೂರಿನಲ್ಲಿ 1923ರಲ್ಲಿ ಹುಟ್ಟಿದ ಟಿ. ಎಸ್. ಸತ್ಯನ್ ಅವರ ಪೀಳಿಗೆಯ ಪತ್ರಿಕಾ ಛಾಯಾಗ್ರಾಹಕರ ಕಾಲದಲ್ಲಿ ಹೆಸರಾಗಿದ್ದದ್ದು 1929ರಲ್ಲಿ ಜರ್ಮನಿಯಿಂದ ಬಂದ ರೋಲಿಫ್ಲೆಕ್ಸ್. ಒಂದು ಮಸೂರ ನೋಡುವುದಕ್ಕೆ, ಇನ್ನೊಂದು ಚಿತ್ರ ಹಿಡಿಯುವುದಕ್ಕೆ. ಪೆಟ್ಟಿಗೆಯನ್ನು ಎದೆಯ ಕೆಳಗೆ ಹಿಡಿದು, ತಲೆ ಬಾಗಿಸಿ ಮೇಲಿನ ಗಾಜಿನಲ್ಲಿ ನೋಡಬೇಕು. ಎಡ ಬಲವಾಗಿ, ಬಲ ಎಡವಾಗಿ ಕಾಣುತ್ತಿತ್ತು.

1949ರ ಕಾಂಟ್ಯಾಕ್ಸ್ ಎಸ್ ಈ ತೊಡಕನ್ನು ಬಿಡಿಸಿತು. ಒಂದೇ ಮಸೂರ, ಅದರಿಂದ ಬಂದ ಬೆಳಕನ್ನು ಓರೆಯಾಗಿಟ್ಟ ಕನ್ನಡಿ ಮೇಲಕ್ಕೆ ಕಳುಹಿಸುವುದು, ನೆತ್ತಿಯಲ್ಲಿರುವ ಗಾಜಿನ ಪಟ್ಟಕ ಅದನ್ನು ನೆಟ್ಟಗೆ ಮಾಡಿ ಕಿಂಡಿಗೆ ತರುವುದು. ಪಟ್ಟಕಕ್ಕೆ ಒಂದು ಮನೆ ಬೇಕಷ್ಟೆ. ಕ್ಯಾಮೆರಾಕ್ಕೆ ಗೂನು ಬಂದದ್ದು ಹಾಗೆ. 1959ರ ನಿಕಾನ್ ಎಫ್ ಬಂದಮೇಲೆ ಆ ಆಕಾರವೇ ಲೋಕಕ್ಕೆಲ್ಲ ರೂಢಿಯಾಯಿತು.

ಫಿಲ್ಮಿಲ್ಲದ ಕ್ಯಾಮೆರಾವನ್ನು 1975ರಲ್ಲಿ ಕೊಡಾಕ್ ಕಂಪನಿಯ ಸ್ಟೀವನ್ ಸ್ಯಾಸನ್ ಮಾಡಿ ತೋರಿಸಿದರು. ಒಂದು ಚಿತ್ರ ಕ್ಯಾಸೆಟ್ಟಿಗೆ ಇಳಿಯಲು 23 ಸೆಕೆಂಡು ಹಿಡಿಯುತ್ತಿತ್ತು. 1995ರ ಕ್ಯಾಸಿಯೊ ಕ್ಯೂವಿ-10 ಕಿಂಡಿಯನ್ನೇ ಬಿಟ್ಟು ಬೆನ್ನಿಗೆ ಪರದೆ ಕಟ್ಟಿಕೊಂಡಿತು. 2008ರಲ್ಲಿ ಪ್ಯಾನಾಸೋನಿಕ್ ಜಿ1 ಕನ್ನಡಿಯನ್ನೂ ಪಟ್ಟಕವನ್ನೂ ತೆಗೆದುಹಾಕಿ, ಕಿಂಡಿಯೊಳಗೆ ಪುಟ್ಟ ಪರದೆಯನ್ನಿಟ್ಟಿತು. ಮೈ ತೆಳುವಾಯಿತು, ಗೂನು ಮಾತ್ರ ಇಳಿಯಲಿಲ್ಲ! ಪರದೆ ಮೂಲೆಯಲ್ಲಿದ್ದರೂ ನಡೆಯುತ್ತದೆಂದು 2011ರ ಸೋನಿ ನೆಕ್ಸ್-7 ತೋರಿಸಿಕೊಟ್ಟಿತು. ಆದರೂ ಕೊಳ್ಳುವವರ ಕಣ್ಣಿಗೆ ಗೂನಿದ್ದರೇ ಅದು ಕ್ಯಾಮೆರಾ.

ಲಾಭವಿಲ್ಲವೆನ್ನಲಾರೆ. ದಸರೆಯ ರಾತ್ರಿ ಅರಮನೆಯ ಸುಮಾರು ಒಂದು ಲಕ್ಷ ದೀಪಗಳು ಫಿಲ್ಮಿನ ಮೇಲೆ ಹೇಗೆ ಮೂಡಿವೆಯೆಂಬುದು ಹಿಂದೆ ಅದನ್ನು ತೊಳೆದ ಮೇಲೆಯೇ ತಿಳಿಯುತ್ತಿತ್ತು. ಈಗ ಗುಂಡಿ ಒತ್ತುವ ಮೊದಲೇ ಕಿಂಡಿಯಲ್ಲಿ ಕಾಣುತ್ತದೆ.

ಆದರೆ ನಮ್ಮ ಸಿದ್ಧಾರ್ಥನಗರದಿಂದ ಸಂಜೆ ಚಾಮುಂಡಿಬೆಟ್ಟವನ್ನು ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. ಹಳೆಯ ಕ್ಯಾಮೆರಾದಲ್ಲಿ ಬೆಟ್ಟದ ಬೆಳಕೇ ಕನ್ನಡಿಯಿಂದ ಪುಟಿದು ಕಣ್ಣಿಗೆ ಬರುತ್ತದೆ. ಮಬ್ಬು ಮಬ್ಬಾಗಿಯೇ ಇರುತ್ತದೆ. ಹೊಸದರಲ್ಲಿ ಯಂತ್ರವು ಲೆಕ್ಕ ಹಾಕಿ ಬಿಡಿಸಿದ ಬೆಟ್ಟ ಕಾಣುತ್ತದೆ. ಕವಿಯುವ ಕತ್ತಲೆಯೂ ಅಲ್ಲಿ ಬೆಳಗಿಬಿಡುತ್ತದೆ. ಕಂಡದ್ದು ಯಾವುದು, ತೋರಿಸಿದ್ದು ಯಾವುದು ಎಂಬ ವಿವೇಕ ನೋಡುವವನಿಗೇ ಸೇರಿತು. ನನ್ನ ವಿದ್ಯಾರ್ಥಿಗಳಿಗೆ ನಾನು ಹೇಳುವುದಿಷ್ಟೆ: ಮೊದಲು ಬರಿಗಣ್ಣಿನಿಂದ ಬೆಟ್ಟ ನೋಡಿ, ಆಮೇಲೆ ಕಿಂಡಿ.

ಸತ್ಯನ್ ತಮ್ಮ ಕನ್ನಡ ಪುಸ್ತಕವೊಂದಕ್ಕೆ ‘ಕಾಲಕ್ಕೆ ಕನ್ನಡಿ’ ಎಂದು ಹೆಸರಿಟ್ಟರು. ಕ್ಯಾಮೆರಾದೊಳಗಿನ ಕನ್ನಡಿ ಹೋದ ಮೇಲೂ ಆ ಕೆಲಸ ಉಳಿದೇ ಇದೆ.