ಹಕ್ಕಿಚಿತ್ರಗಳ ತಿದ್ದುಪಡಿ: ಕತ್ತಲೆ ಕೋಣೆಯಿಂದ ಕಂಪ್ಯೂಟರಿನವರೆಗೆ

ನೀವು ರಾಜಾಜಿನಗರದಲ್ಲೋ ವಿಜಯನಗರದಲ್ಲೋ ಇರುವವರಾದರೆ, ಭಾನುವಾರ ಬೆಳಿಗ್ಗೆ ಉದ್ದ ಲೆನ್ಸಿನ ಕ್ಯಾಮರಾ ಹೆಗಲಿಗೇರಿಸಿಕೊಂಡು ಕೆಂಗೇರಿಯ ಕಡೆಗೋ ಜ್ಞಾನಭಾರತಿಯ ಮರಗಳ ಕಡೆಗೋ ಹೊರಟವರನ್ನು ನೋಡಿರುತ್ತೀರಿ. ಬಹುಶಃ ನೀವೂ ಅವರಲ್ಲೊಬ್ಬರು. ಮನೆಗೆ ಮರಳಿ ಕಂಪ್ಯೂಟರಿನ ಮುಂದೆ ಕುಳಿತಾಗ ಒಂದು ಪ್ರಶ್ನೆ ಏಳುತ್ತದೆ. ಮಿಂಚುಳ್ಳಿಯ ಚಿತ್ರ ಚೆನ್ನಾಗಿ ಬಂದಿದೆ. ಆದರೆ ಕೊಕ್ಕಿಗೆ ಅಡ್ಡವಾಗಿ ಒಂದು ಒಣ ಕಡ್ಡಿಯಿದೆ. ಅದನ್ನು ಅಳಿಸಬಹುದೇ, ಬಾರದೇ?

ಈ ಪ್ರಶ್ನೆ ಕಂಪ್ಯೂಟರಿನೊಂದಿಗೆ ಹುಟ್ಟಿದ್ದಲ್ಲ. 1857ರಷ್ಟು ಹಿಂದೆಯೇ ಆಸ್ಕರ್ ರೈಲಾಂಡರ್ ಎಂಬ ಛಾಯಾಗ್ರಾಹಕ ಇಂಗ್ಲೆಂಡಿನಲ್ಲಿ ಮೂವತ್ತಕ್ಕೂ ಹೆಚ್ಚು ನೆಗೆಟಿವ್‌ಗಳನ್ನು ಜೋಡಿಸಿ ಒಂದೇ ಚಿತ್ರ ಮಾಡಿದ್ದ. ಅದು ಕಲೆಯೋ ಮೋಸವೋ ಎಂದು ಆಗಲೇ ವಾದ ನಡೆದಿತ್ತು.

ನಾನು ಚಿಕ್ಕವನಿದ್ದಾಗ ರಾಜಾಜಿನಗರದ ನಮ್ಮ ಸೋದರಮಾವನವರ ಬಚ್ಚಲುಮನೆಯೇ ರಾತ್ರಿ ಹೊತ್ತು ಕತ್ತಲೆ ಕೋಣೆ. ಕೆಂಪು ಬಲ್ಬಿನ ಬೆಳಕಿನಲ್ಲಿ, ಡೆವಲಪರ್ ತಟ್ಟೆಯೊಳಗೆ ಕೊಕ್ಕರೆಯೊಂದು ಮೆಲ್ಲಗೆ ಮೂಡುವುದನ್ನು ಬೆರಗಿನಿಂದ ನೋಡುತ್ತಿದ್ದೆ. ಹಿಗ್ಗಿಸುವ ಯಂತ್ರದಿಂದ ಕಾಗದದ ಮೇಲೆ ಬೆಳಕು ಬೀಳುವಾಗ, ತಂತಿಯ ತುದಿಗೆ ಅಂಟಿಸಿದ ರಟ್ಟಿನ ಚೂರನ್ನು ಅವರು ಹಕ್ಕಿಯ ಎದೆಯ ಮೇಲೆ ಆಡಿಸುತ್ತಿದ್ದರು. ಅಲ್ಲಿ ಬೆಳಕು ಕಡಿಮೆ ಬಿದ್ದಷ್ಟೂ ಕಪ್ಪು ಬೆಳ್ಳಿಯ ಕಣಗಳು ಕಡಿಮೆ. ಆ ಭಾಗ ತಿಳಿಯಾಗುತ್ತಿತ್ತು. ಇದೂ ತಿದ್ದುಪಡಿಯೇ ತಾನೆ? ಬಣ್ಣದ ಸ್ಲೈಡುಗಳಲ್ಲಿ ಮಾತ್ರ ಈ ಅವಕಾಶವಿರಲಿಲ್ಲ. ಗುಂಡಿ ಒತ್ತಿದಾಗ ಬಂದದ್ದೇ ಬಂತು.

ನಮ್ಮ ನಾಡಿನ ವನ್ಯಜೀವಿ ಛಾಯಾಗ್ರಹಣ ಬೆಳೆದದ್ದು ಇಂಥ ಕಾಲದಲ್ಲಿ. ಬೆಂಗಳೂರಿನಲ್ಲಿ ಒ. ಸಿ. ಎಡ್ವರ್ಡ್ಸ್, ಅವರ ಗರಡಿಯಲ್ಲಿ ಪಳಗಿದ ಟಿ. ಎನ್. ಎ. ಪೆರುಮಾಳ್, ಇ. ಹನುಮಂತರಾವ್, ಸಂಡೂರಿನ ಎಂ. ವೈ. ಘೋರ್ಪಡೆ, ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿ ಇವರೆಲ್ಲ ಫಿಲ್ಮಿನಲ್ಲಿ ಕೆಲಸ ಮಾಡಿದವರು. ಘೋರ್ಪಡೆಯವರ ಕಪ್ಪು-ಬಿಳುಪು ಚಿತ್ರಗಳ ಪುಸ್ತಕ 1983ರಲ್ಲಿ ಪ್ರಕಟವಾಯಿತು. 1971ರಲ್ಲಿ ಆರಂಭವಾದ ಯೂತ್ ಫೋಟೋಗ್ರಾಫಿಕ್ ಸೊಸೈಟಿ ಬೆಂಗಳೂರಿನ ಹವ್ಯಾಸಿಗಳಿಗೆ ಕಲಿಯುವ ತಾಣವಾಯಿತು.

ಆ ದಿನಗಳ ಇನ್ನೊಂದು ಸಂಗತಿ ನಿಮಗೆ ತಿಳಿದಿರಲಿ. ಲೆನ್ಸುಗಳ ದೂರದೃಷ್ಟಿ ಕಡಿಮೆಯಿದ್ದುದರಿಂದ ಲೋಕದ ಎಲ್ಲೆಡೆ ಹಕ್ಕಿಯ ಚಿತ್ರವೆಂದರೆ ಹೆಚ್ಚಾಗಿ ಗೂಡಿನ ಬಳಿಯ ಚಿತ್ರ. ಗೂಡಿಗೆ ಅಡ್ಡವಾದ ಕೊಂಬೆಗಳನ್ನು ಕೆಲವರು ಪಕ್ಕಕ್ಕೆ ಕಟ್ಟುತ್ತಿದ್ದರು, ಕೆಲವರು ಕತ್ತರಿಸಿಯೇ ಬಿಡುತ್ತಿದ್ದರು. ಚಿತ್ರ ಸ್ವಚ್ಛವಾಗುತ್ತಿತ್ತು, ಮರಿಗಳು ಬಿಸಿಲಿಗೂ ಕಾಗೆಗಳ ಕಣ್ಣಿಗೂ ಬೀಳುತ್ತಿದ್ದವು. ಅಂದರೆ ತಿದ್ದುಪಡಿ ನಡೆಯುತ್ತಿದ್ದುದು ಚಿತ್ರದ ಮೇಲಲ್ಲ, ಮರದ ಮೇಲೆ. ಅದಕ್ಕೆ ಹೋಲಿಸಿದರೆ ಕಂಪ್ಯೂಟರಿನಲ್ಲಿ ಕಡ್ಡಿ ಅಳಿಸುವುದರಿಂದ ಯಾವ ಮರಿಗೂ ತೊಂದರೆಯಿಲ್ಲ.

1990ರಲ್ಲಿ ಫೋಟೋಶಾಪ್ ಬಂತು. ಬಚ್ಚಲುಮನೆಯ ಕೆಲಸ ಮೇಜಿನ ಮೇಲಕ್ಕೆ ಬಂದಿತಷ್ಟೇ ಅಲ್ಲ, ಅಲ್ಲಿ ಆಗದಿದ್ದುದೂ ಆಗತೊಡಗಿತು. ಕೆಂಗೇರಿಯ ಹಕ್ಕಿಯನ್ನು ರಂಗನತಿಟ್ಟಿನ ಬಂಡೆಯ ಮೇಲೆ ಕೂರಿಸಬಹುದು! ಕೊನೆಗೆ 2014ರಲ್ಲಿ ಮೂರು ದೊಡ್ಡ ಸಂಸ್ಥೆಗಳು (ಅಂತರರಾಷ್ಟ್ರೀಯ ಒಕ್ಕೂಟವಾದ ಫಿಯಾಪ್, ಅಮೆರಿಕದ ಮತ್ತು ಬ್ರಿಟನ್ನಿನ ಛಾಯಾಗ್ರಹಣ ಸಂಘಗಳು) ಸೇರಿ ನಿಸರ್ಗ ಚಿತ್ರಕ್ಕೆ ಒಂದೇ ವ್ಯಾಖ್ಯೆಯನ್ನು ಒಪ್ಪಿಕೊಂಡವು. ಅಂಚನ್ನು ಕತ್ತರಿಸಬಹುದು, ನೆರಳು ಬೆಳಕನ್ನು ಹೊಂದಿಸಬಹುದು, ಧೂಳಿನ ಚುಕ್ಕೆ ತೆಗೆಯಬಹುದು. ದೃಶ್ಯದಲ್ಲಿದ್ದ ಯಾವುದನ್ನೂ ಅಳಿಸುವಂತಿಲ್ಲ, ಇಲ್ಲದ್ದನ್ನು ಸೇರಿಸುವಂತಿಲ್ಲ. ಕಲ್ಪನೆಯ ಚಿತ್ರಗಳಿಗೆ ಸ್ಪರ್ಧೆಗಳಲ್ಲಿ ಬೇರೆ ವಿಭಾಗಗಳಿವೆ.

ಇಷ್ಟೊಂದು ಕಟ್ಟುನಿಟ್ಟೇಕೆ ಎನ್ನುತ್ತೀರಾ? ಬಸವೇಶ್ವರನಗರದ ನನ್ನ ಗೆಳೆಯರೊಬ್ಬರು ಗದಗ ಜಿಲ್ಲೆಯ ಮಾಗಡಿ ಕೆರೆಯಲ್ಲಿ ಪಟ್ಟೆತಲೆ ಹೆಬ್ಬಾತುಗಳನ್ನು ತೆಗೆದು ತಂದರು. ಒಂದರ ಕತ್ತಿನಲ್ಲಿ ಬಣ್ಣದ ಪಟ್ಟಿಯಿತ್ತು. ಅಂದ ಕೆಡುತ್ತದೆಂದು ಅದನ್ನು ನೀಟಾಗಿ ಅಳಿಸಿದರು, ಮೂಲಚಿತ್ರವನ್ನೂ ಉಳಿಸಿಕೊಳ್ಳಲಿಲ್ಲ. ದೂರದ ಮಂಗೋಲಿಯಾದಲ್ಲಿ ವಿಜ್ಞಾನಿಗಳು ಸಂಕೇತವಿರುವ ಇಂಥ ಪಟ್ಟಿ ತೊಡಿಸಿದ ಹೆಬ್ಬಾತುಗಳು ಕರ್ನಾಟಕದಲ್ಲಿ ಕಂಡಿವೆ. ಪಟ್ಟಿಯ ಅಕ್ಷರಗಳನ್ನು ಓದಿದರೆ ಹಕ್ಕಿ ಹಿಮಾಲಯ ದಾಟಿ ಬಂದ ದಾರಿಗೆ ಒಂದು ಸಾಕ್ಷಿ ಸಿಗುತ್ತದೆ. ನನ್ನ ಗೆಳೆಯರ ಹೆಬ್ಬಾತು ಎಲ್ಲಿಂದ ಬಂದಿತ್ತೋ, ಇನ್ನು ತಿಳಿಯುವ ದಾರಿಯಿಲ್ಲ. ಚಿತ್ರವೇನೋ ಇಂದಿಗೂ ಅವರ ಹಜಾರದ ಗೋಡೆಯ ಮೇಲೆ ಅಂದವಾಗಿಯೇ ಇದೆ.

ಆದ್ದರಿಂದ, ಮೂಲಚಿತ್ರವನ್ನು ಮುಟ್ಟದೆ ತೆಗೆದಿಡಿ. ಅದರ ಪ್ರತಿಯ ಮೇಲೆ ನಿಮ್ಮ ಕಲ್ಪನೆಯನ್ನು ಧಾರಾಳವಾಗಿ ಹರಿಯಬಿಡಿ: ಆಕಾಶಕ್ಕೆ ಕುಂಕುಮ ಬಣ್ಣ ಬಳಿಯಿರಿ, ಹಿನ್ನೆಲೆಯನ್ನು ಮಸುಕಾಗಿಸಿ. ಯಾರಿಗಾದರೂ ತೋರಿಸುವಾಗ, ಇದು ತಿದ್ದಿದ ಚಿತ್ರ ಎಂದು ಕೆಳಗೆ ಒಂದು ಸಾಲು ಬರೆಯಿರಿ. ಗೂಡಿನ ಹತ್ತಿರ ಮಾತ್ರ ಹೋಗಬೇಡಿ. ಆ ಕೊಂಬೆ ಇದ್ದಲ್ಲೇ ಇರಲಿ.